ಮಳೆಗಾಲಕ್ಕೆ ಬಿಗಿಯಾಗುವ ಬಾಗಿಲು: ಕೀಸುವ ಮೊದಲು ಹಿಂಜ್ ನೋಡಿ

ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗಿ, ಚಿಲಕದ ಕಡೆಯ ಮೇಲ್ಮೂಲೆ ಮಾತ್ರ ಚೌಕಟ್ಟಿಗೆ ಉಜ್ಜುತ್ತಿದೆಯೇ? ಹಾಗಿದ್ದರೆ ಬಹುಶಃ ಮರ ಉಬ್ಬಿಲ್ಲ, ಮೇಲಿನ ಹಿಂಜ್‌ನ ಸ್ಕ್ರೂ ಸಡಿಲವಾಗಿ ಬಾಗಿಲು ಜೋತಿದೆ. ಉಬ್ಬಿದ್ದರೆ ಆ ಬದಿ ಹೆಚ್ಚುಕಡಿಮೆ ಉದ್ದಕ್ಕೂ ಬಿಗಿಯಾಗುತ್ತಿತ್ತು. ಬಾಗಿಲನ್ನು ಅರ್ಧ ತೆರೆದು ಹಿಡಿಯಿಂದ ಮೇಲಕ್ಕೆತ್ತಿ ನೋಡಿ. ಮೇಲಿನ ಹಿಂಜ್ ಅಲುಗಾಡಿದರೆ ಅದೇ ಕಾರಣ.

ಮೊದಲು ಬಾಗಿಲ ಕೆಳಗೆ ಮಡಚಿದ ಪೇಪರ್ ತುರುಕಿ, ಬಾಗಿಲ ಭಾರವನ್ನು ಅದರ ಮೇಲೆ ಹೊರಿಸಿ. ಒಂದೊಂದೇ ಸ್ಕ್ರೂ ಬಿಚ್ಚಿ, ಎಲ್ಲ ಒಟ್ಟಿಗೆ ಬೇಡ. ಬಿಗಿ ಮಾಡಿದರೂ ಸುಮ್ನೆ ತಿರುಗುತ್ತಿದ್ದ ಸ್ಕ್ರೂ ಇದ್ದರೆ ಅದರ ತೂತು ಅಗಲವಾಗಿದೆ. ಬಿದಿರಿನ ಸೀಳನ್ನು ಫೆವಿಕಾಲ್‌ನಲ್ಲಿ ಅದ್ದಿ, ಇನ್ನು ಹಿಡಿಸದು ಅನ್ನುವಷ್ಟು ತೂತಿಗೆ ಬಡಿಯಿರಿ. ಹೊರಗುಳಿದದ್ದನ್ನು ಬ್ಲೇಡಿನಿಂದ ಸಮ ಮಾಡಿ. ಈ ಹವೆಯಲ್ಲಿ ಒಣಗಲು ಒಂದು ದಿನ ಪೂರ್ತಿ ಬಿಡಿ. ಆಮೇಲೆ ನಡುವೆ ಸಣ್ಣ ತೂತು ಕೊರೆದು, ಹಳೆಯದಕ್ಕಿಂತ ಅರ್ಧ ಇಂಚು ಉದ್ದ ಜಾಸ್ತಿ ಇರುವ ಸ್ಕ್ರೂ ಹಾಕಿ. ಅದರ ಸುರುಳಿ ಗೆರೆಗಳಿಗೆ ಸೋಪು ಸವರಿದರೆ ಗಟ್ಟಿ ಮರದಲ್ಲೂ ಸಲೀಸಾಗಿ ಇಳಿಯುತ್ತದೆ.

ಇಷ್ಟಾದ ಮೇಲೂ ಉಜ್ಜಿದರೆ ಚೌಕಟ್ಟಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೆಯಿರಿ. ಬಾಗಿಲಿಗೆ ಬಿಳಿ ಹತ್ತಿದ ಜಾಗವನ್ನಷ್ಟೇ ಮರಳು ಕಾಗದದಿಂದ ತಿಕ್ಕಿ. ದಯವಿಟ್ಟು ಈಗಲೇ ಉಜ್ಜುಗೊರಡು ಹಾಕಬೇಡಿ. ಕೀಸಿ ಇವತ್ತು ಸರಿ ಕೂತ ಬಾಗಿಲು ಬೇಸಿಗೆಗೆ ಒಣಗಿ ಕುಗ್ಗಿದಾಗ ದೊಡ್ಡ ಸಂದಿ ಬಿಡುತ್ತದೆ. ತಿಕ್ಕಿದ ಜಾಗಕ್ಕೆ, ಹಾಗೇ ಬಾಗಿಲಿನ ತಲೆ ಮತ್ತು ತಳದ ಅಂಚಿಗೆ, ಬಿಸಿಲು ಬಂದ ದಿನ ಎರಡು ಕೋಟ್ ವಾರ್ನಿಶ್ ಹೊಡೆಯಿರಿ. ಬಣ್ಣದವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಆ ಎರಡು ಅಂಚನ್ನೇ, ತೇವ ಒಳಗಿಳಿಯುವುದೂ ಹೆಚ್ಚಾಗಿ ಅಲ್ಲಿಂದಲೇ.