ಧಣಿ ಹೋದರೆ ಸಾಲದು, ಕೊಳಗ ಬದಲಾಗಬೇಕು

ಓದುಗರ ಪತ್ರ:
ಕಳೆದ ಸಂಚಿಕೆಯ ಸ್ಪೇನ್ ಲೇಖನ ಓದಿದೆ. ಫ್ರಾಂಕೋನ ಪಕ್ಷದಲ್ಲೇ ಬೆಳೆದ ಅಡಾಲ್ಫೋ ಸುವಾರೆಸ್‌ನನ್ನು ಸುಧಾರಕ ಅಂತ ಹೊಗಳಿದ್ದೀರಿ. ಸರ್ವಾಧಿಕಾರಿಯ ಉಪ್ಪು ತಿಂದವನಿಂದ ಎಂಥ ಸುಧಾರಣೆ? ಪೋರ್ಚುಗಲ್‌ನವರು ಒಂದೇ ದಿನದಲ್ಲಿ ಎಲ್ಲವನ್ನೂ ಗುಡಿಸಿ ಹಾಕಿದರು. ಬದಲಾವಣೆ ಅಂದರೆ ಅದು. ಸ್ಪೇನಿನದು ಬರೀ ಹೊಂದಾಣಿಕೆ.
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಸ್ಪೇನಿನ ವಿಷಯಕ್ಕೆ ತೀರ್ಥಹಳ್ಳಿಯಲ್ಲಿ ಕೂತು ಇಷ್ಟು ಬಿಸಿಯಾಗುವ ಓದುಗರು ಎಲ್ಲ ಪತ್ರಿಕೆಗೂ ಸಿಗುವುದಿಲ್ಲ.

ನಿಮ್ಮ ಮಾತಿನಲ್ಲಿ ನಿಜ ಇದೆ. 1977ರ ಅಕ್ಟೋಬರ್‌ನ ಕ್ಷಮಾದಾನ ಕಾಯ್ದೆಯಿಂದ ಜೈಲಿನಲ್ಲಿದ್ದ ವಿರೋಧಿಗಳು ಹೊರಗೆ ಬಂದರು. ಅವರನ್ನು ಹೊಡೆದು ಬಡಿದ ಪೊಲೀಸರೂ ಅದೇ ಕಾಯ್ದೆಯಲ್ಲಿ ಪಾರಾದರು. ಫ್ರಾಂಕೋನವರು ಕೊಂದು ಗುಂಡಿಗಳಲ್ಲಿ ಹೂತ ಜನರ ಮನೆಯವರು ಮೂಳೆಗಾಗಿ ದಶಕಗಟ್ಟಲೆ ಕಾದರು. ಅದು ತಪ್ಪೇ.

ಆದರೆ ಸುವಾರೆಸ್ ಮಾಡಿದ್ದು ಸಣ್ಣ ಕೆಲಸ ಅಲ್ಲ, ಮಾರಾಯ್ರೇ. ಫ್ರಾಂಕೋ ಸತ್ತದ್ದು 1975ರ ನವೆಂಬರ್ 20ರಂದು. ಆಗ ಸೈನ್ಯ ಅವನದು, ಪೊಲೀಸರು ಅವನವರು, ಸಂಸತ್ತೂ ಅವನದೇ. ಅಲ್ಲಿ ಕೂತವರು ಮುಕ್ತ ಚುನಾವಣೆಯಲ್ಲಿ ಗೆದ್ದು ಬಂದವರಲ್ಲ. ಅಂಥವರ ಮುಂದೆ, ಪ್ರಧಾನಿಯಾಗಿದ್ದ ಸುವಾರೆಸ್‌ನ ಸರ್ಕಾರ ರಾಜಕೀಯ ಸುಧಾರಣಾ ಮಸೂದೆ ಇಟ್ಟಿತು. ಇನ್ನು ಮುಂದೆ ಜನರೇ ಸಂಸತ್ತನ್ನು ಆರಿಸಬೇಕು ಎಂಬುದು ಅದರ ತಿರುಳು. ಅಂದರೆ ನೀವೆಲ್ಲ ಎದ್ದು ಮನೆಗೆ ಹೋಗಿ ಅಂತ. 1976ರ ನವೆಂಬರ್ 18ರಂದು 425 ಜನ ಹೌದು ಎಂದರು, 59 ಜನ ಬೇಡ ಎಂದರು. ಬೀದಿಯಲ್ಲಿ ಮುಷ್ಕರಗಳಿದ್ದವು, ಆ ಒತ್ತಡ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಹಾಗಂತ ಮುಷ್ಕರವೇ ಮಸೂದೆ ಬರೆಯುವುದಿಲ್ಲ, ಅಲ್ವಾ? ಅದನ್ನು ಯಾರೋ ಕೂತು ಬರೆಯಬೇಕು, ಒಪ್ಪಿಸಬೇಕು. ಮುಂದಿನ ಏಪ್ರಿಲ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲಿದ್ದ ನಿಷೇಧ ಹೋಯಿತು. ಜೂನ್‌ನಲ್ಲಿ ಚುನಾವಣೆ. 1978ರ ಡಿಸೆಂಬರ್‌ನಲ್ಲಿ ಜನ ಹೊಸ ಸಂವಿಧಾನಕ್ಕೆ ಮತ ಹಾಕಿದರು.

1981ರ ಫೆಬ್ರವರಿ 23ರ ಸಂಜೆ ನೋಡಿ. ಲೆಫ್ಟಿನೆಂಟ್ ಕರ್ನಲ್ ತೆಹೆರೋ ಸರ್ಕಾರ ಉರುಳಿಸಲು ಪಿಸ್ತೂಲು ಹಿಡಿದು ಸಂಸತ್ತಿಗೆ ನುಗ್ಗಿದ. ಅವನ ಜೊತೆಗಿದ್ದವರು ಚಾವಣಿಗೆ ಗುಂಡು ಹಾರಿಸಿದರು. ಸದಸ್ಯರೆಲ್ಲ ಬೆಂಚಿನ ಕೆಳಗೆ ಅಡಗಿದರು. ಅಡಗದೆ ಉಳಿದವರು ಮೂವರು. ಒಬ್ಬ ಸುವಾರೆಸ್. ಇನ್ನೊಬ್ಬ ಜನರಲ್ ಗುಟಿಯೆರೆಸ್ ಮೆಲ್ಯಾಡೋ, ಅಂತರ್ಯುದ್ಧದಲ್ಲಿ ಫ್ರಾಂಕೋನ ಕಡೆ ಇದ್ದವನು. ಮೂರನೆಯವನು ಕಮ್ಯುನಿಸ್ಟ್ ನಾಯಕ ಸಾಂಟಿಯಾಗೋ ಕರಿಯ್ಯೋ, ಎದುರು ಪಾಳೆಯದವನು. ನೀವು ಉಪ್ಪು ತಿಂದವನು ಎಂದಿರಲ್ಲ, ಅವನೇ ಆ ಹೊತ್ತಿನಲ್ಲಿ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ.

ಇನ್ನು ಪೋರ್ಚುಗಲ್. 1974ರ ಏಪ್ರಿಲ್ 25, ಸೈನಿಕರು ಸರ್ವಾಧಿಕಾರವನ್ನು ಉರುಳಿಸಿದ ದಿನ, ಬಂದೂಕಿನ ನಳಿಗೆಯಲ್ಲಿ ಕೆಂಪು ಹೂ. ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ? ಆದರೆ ಆ ದಿನದ ನಂತರ ಸರ್ಕಾರಗಳ ಮೇಲೆ ಸರ್ಕಾರ ಬಿದ್ದವು. ಸಂವಿಧಾನ ಜಾರಿಗೆ ಬರಲು ಎರಡು ವರ್ಷ ಬೇಕಾಯಿತು. ಸೈನ್ಯಾಧಿಕಾರಿಗಳ ಕ್ರಾಂತಿ ಮಂಡಳಿ ಹೋದದ್ದು 1982ರಲ್ಲಿ. ಒಂದು ದಿನದ ಕೆಲಸಕ್ಕೆ ಎಂಟು ವರ್ಷ ಹಿಡಿಯಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಜಗಳ ಶುರುವಾದದ್ದೇ ಕೊಳಗದಿಂದ. ಗೇಣಿ ಭತ್ತ ಅಳೆಯಲು ದೊಡ್ಡ ಕೊಳಗ. ಸಮಾಜವಾದಿ ನಾಯಕ ಲೋಹಿಯಾ ಬಂದರು, ಬಂಧನವಾಯಿತು. ಶಾಂತವೇರಿ ಗೋಪಾಲಗೌಡರಂಥವರು ಅದರಲ್ಲೇ ಬೆಳೆದರು. ಆದರೆ ಉಳುವವನಿಗೆ ಭೂಮಿ ಸಿಕ್ಕಿದ್ದು ಯಾವಾಗ? 1974ರಲ್ಲಿ ದೇವರಾಜ ಅರಸರ ಸರ್ಕಾರ ತಿದ್ದುಪಡಿ ಕಾಯ್ದೆ ಜಾರಿಗೆ ತಂದು, ಗೇಣಿದಾರರಿಂದ ಏಳನೇ ನಮೂನೆಯ ಅರ್ಜಿ ತುಂಬಿಸಿಕೊಂಡು, ಭೂನ್ಯಾಯ ಮಂಡಳಿಗಳು ಕೂತ ಮೇಲೆ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಸಾಗರದ ಕಡೆಯ ಹಿರಿಯರೊಬ್ಬರು ಮಂಡಳಿಯ ಆದೇಶದ ಪ್ರತಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ. ಮಳೆಗಾಲ ಕಳೆದ ಮೇಲೆ ತೆಗೆದು ಬಿಸಿಲಿಗೆ ಹಿಡಿಯುತ್ತಾರೆ. ಘೋಷಣೆ ಕೂಗಿದ್ದನ್ನೂ ಅವರು ಹೆಮ್ಮೆಯಿಂದಲೇ ಹೇಳುತ್ತಾರೆ. ಜೋಪಾನ ಮಾಡುವುದು ಮಾತ್ರ ಆ ಕಾಗದವನ್ನು.

ತುರ್ತು ಪರಿಸ್ಥಿತಿಯನ್ನೂ ನೆನಪಿಸಿಕೊಳ್ಳಿ. ಫ್ರಾಂಕೋನ 36 ವರ್ಷಗಳ ಮುಂದೆ ನಮ್ಮದು 21 ತಿಂಗಳು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಇಳಿಸಿತು. ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಅವರನ್ನು ಲೋಕಸಭೆಗೆ ವಾಪಸ್ ಕಳಿಸಿದ್ದು ನಮ್ಮ ಪಕ್ಕದ ಚಿಕ್ಕಮಗಳೂರು. 1980ರಲ್ಲಿ ಮತ್ತೆ ಪ್ರಧಾನಿಯೂ ಆದರು. ಜನರ ಆಯ್ಕೆ ಅದು, ತಪ್ಪೇನಿಲ್ಲ. ಅಷ್ಟರಲ್ಲಿ ಜನತಾ ಸರ್ಕಾರ ತಂದ ಸಂವಿಧಾನದ 44ನೇ ತಿದ್ದುಪಡಿ ಬಂದಿತ್ತು. ಆಂತರಿಕ ಗಲಭೆಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವಂತಿಲ್ಲ, ಸಶಸ್ತ್ರ ದಂಗೆಯೇ ಆಗಬೇಕು. ಸಂಪುಟದ ತೀರ್ಮಾನ ಬರಹದಲ್ಲಿ ಬೇಕು. ಏನೇ ಆದರೂ ಜೀವದ ಹಕ್ಕನ್ನು ಅಮಾನತು ಮಾಡುವಂತಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಚ್.ಆರ್. ಖನ್ನಾ 1976ರಲ್ಲಿ ಒಬ್ಬರೇ ನಿಂತು ಹೇಳಿ, ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಕಳೆದುಕೊಂಡ ಮಾತು ಸಂವಿಧಾನದೊಳಗೇ ಬಂತು. ಜನತಾ ಸರ್ಕಾರ ಜಗಳವಾಡಿಕೊಂಡೇ ಬಿತ್ತು. ಈ ಒಂದು ಕೆಲಸಕ್ಕಾಗಿ ನಾನು ಅದರ ಉಳಿದೆಲ್ಲವನ್ನೂ ಮನ್ನಿಸುತ್ತೇನೆ.

ನನ್ನ ಸಂಕಟ ಬೇರೆ. ಇಂಥ ಕೆಲಸಕ್ಕೆ ಈಗ ನಮ್ಮಲ್ಲಿ ತಾಳ್ಮೆಯೇ ಇಲ್ಲ. ಒಬ್ಬನನ್ನು ಇಳಿಸುವುದಕ್ಕೆ ಮೆರವಣಿಗೆ ಉಂಟು, ಪಟಾಕಿ ಉಂಟು. ನಿಯಮ ಏನಾಯಿತು ಅಂತ ಕೇಳುವವರಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ಸಚಿವ ನಜೀರ್ ಸಾಬ್ ಹಳ್ಳಿಯ ಕೈಗೆ ಅಧಿಕಾರ ಕೊಟ್ಟ ರಾಜ್ಯ ಇದು. ಅದೇ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನ ಹೇಳುತ್ತದೆ. ಸರ್ಕಾರ ಬದಲಾಯಿತು, ಕಾರಣ ಬದಲಾಯಿತು, ಪಂಚಾಯ್ತಿ ಮಾತ್ರ ಅಧಿಕಾರಿಗಳ ಕೈಯಲ್ಲೇ ಉಳಿಯಿತು. ಸ್ಪೇನಿನ ಸಂಸತ್ತಿನ ಬಗ್ಗೆ ಕಾಗದ ಬರೆಯುವ ನಾವು ಇದನ್ನು ಸುಮ್ನೆ ನೋಡಿಕೊಂಡು ಕೂತೆವು.

ನಿಮ್ಮ ತಾಲ್ಲೂಕು ಪಂಚಾಯ್ತಿಯ ಕಥೆ ಏನು ಮೇಷ್ಟ್ರೇ? ಇದೇ ಸಿಟ್ಟಿನಲ್ಲಿ ಬರೆದು ಕಳಿಸಿ. ಪೂರ್ತಿ ಒಂದು ಪುಟ ಕೊಡುತ್ತೇನೆ.

– ಸಂ.