ಬಸ್ಸಾರು, ಕ್ರಿಯಾಟಿನಿನ್, ಎಡಗೈ ನರ: ಕಿಡ್ನಿ ಪ್ರಶ್ನೋತ್ತರ

ಅಪ್ಪನಿಗೆ 58 ವರ್ಷ, ಶುಗರ್ ಬಂದು 12 ವರ್ಷ. ಕ್ರಿಯಾಟಿನಿನ್ 1.8 ಇತ್ತು. ಊತವಿಲ್ಲ, ಸುಸ್ತಿಲ್ಲ, ದಿನಾ ತೋಟಕ್ಕೆ ಹೋಗಿಬರುತ್ತಾರೆ. ಆದರೂ ಡಾಕ್ಟರು ‘ಮೂರನೇ ಹಂತ’ ಎಂದು ಟೆಲ್ಮಿಸಾರ್ಟನ್ ಬರೆದುಕೊಟ್ಟರು. ಮೂರು ವಾರಕ್ಕೆ ಕ್ರಿಯಾಟಿನಿನ್ 2.1 ಆಗಿದೆ. ಮಾತ್ರೆ ನಿಲ್ಲಿಸಿಬಿಡೋಣವೇ?
– ಓದುಗರು, ಅರಸೀಕೆರೆ

ನೀವಾಗಿಯೇ ನಿಲ್ಲಿಸಬೇಡಿ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ. 1.8ರಿಂದ 2.1 ಅಂದರೆ ಶೇ 17ರಷ್ಟು ಏರಿಕೆ. ಟೆಲ್ಮಿಸಾರ್ಟನ್ ಗುಂಪಿನ ಬಿಪಿ ಮಾತ್ರೆ ಕಿಡ್ನಿಯ ಸೋಸುವ ಗಂಟುಗಳೊಳಗಿನ ಒತ್ತಡವನ್ನು ಇಳಿಸುತ್ತದೆ. ಒತ್ತಡ ಇಳಿದಾಗ ಮೊದಲ ನಾಲ್ಕು ವಾರದಲ್ಲಿ ಕ್ರಿಯಾಟಿನಿನ್ ಶೇ 30ರವರೆಗೆ ಏರುವುದುಂಟು, ಆಮೇಲೆ ಅಲ್ಲೇ ನಿಲ್ಲುತ್ತದೆ. ಅದನ್ನು ಮೀರಿದರೆ, ಇಲ್ಲವೇ ಪೊಟ್ಯಾಸಿಯಂ 5.5 ದಾಟಿದರೆ ಡಾಕ್ಟರು ಮಾತ್ರೆಯನ್ನು ಮರುಪರಿಶೀಲಿಸಬೇಕಾಗುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಪರೀಕ್ಷಿಸಿ. ವಾಂತಿ ಭೇದಿ ಹಿಡಿದ ದಿನ ಮಾತ್ರ ಮಾತು ಬೇರೆ. ಮೈಯಲ್ಲಿ ನೀರು ಆರಿದಾಗ ಇದೇ ಮಾತ್ರೆ ಕಿಡ್ನಿಯನ್ನು ಕೆಡಿಸಬಲ್ಲದು. ಅಂದೇ ಡಾಕ್ಟರಿಗೆ ಫೋನ್ ಮಾಡಿ, ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ಬಿಡಬೇಕೆಂದು ಕೇಳಿ.

ಇನ್ನು ಹಂತದ ವಿಚಾರ. ಬರೀ ಕ್ರಿಯಾಟಿನಿನ್ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಅದೇ 1.8, ಅದೇ 58 ವರ್ಷ, ಗಂಡಸಾದರೆ ಕಿಡ್ನಿ ನಿಮಿಷಕ್ಕೆ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 43ರ ಆಸುಪಾಸು, ಹೆಂಗಸಾದರೆ 32. ಇಬ್ಬರೂ ‘ಮೂರನೇ ಹಂತ’ವೇ (30ರಿಂದ 59), ಆದರೆ ಒಬ್ಬರು ನಾಲ್ಕನೆಯ ಹಂತದ ಹೊಸ್ತಿಲಲ್ಲಿದ್ದಾರೆ. ಮೂರು ತಿಂಗಳ ಅಂತರದಲ್ಲಿ ಎರಡು ಸಲ ಹೀಗೆ ಬಂದರೆ ಮಾತ್ರ ಅದನ್ನು ದೀರ್ಘಕಾಲದ ಕಾಯಿಲೆ ಎನ್ನುವುದು. ಪರೀಕ್ಷೆಯ ಹಿಂದಿನ ರಾತ್ರಿ ಬಾಡೂಟ ಉಂಡಿದ್ದರೂ ಅಂಕಿ ಏರುತ್ತದೆ.

ನಿಮ್ಮ ಪತ್ರದಲ್ಲಿ ಮೂತ್ರದ ಎಸಿಆರ್, ಅಂದರೆ ಮೂತ್ರದಲ್ಲಿ ಸೋರುವ ಪ್ರೋಟೀನಿನ ಅಳತೆ, ಇಲ್ಲ. ನಮ್ಮ ಕಣ್ಣಿಗೆ ಮೊದಲು ಬಿದ್ದ ಕೊರತೆ ಅದೇ. ಬೆಳಗಿನ ಮೊದಲ ಮೂತ್ರದಲ್ಲಿ ಮಾಡಿಸಿ. ಜ್ವರವೋ ಉರಿಮೂತ್ರವೋ ಇದ್ದಾಗ ಬೇಡ. 30ರೊಳಗಿದ್ದರೆ ಸಮಾಧಾನ, 300 ದಾಟಿದ್ದರೆ ಕಾಯಿಲೆ ಬೇಗ ಮುಂದುವರಿಯುವ ಸಂಭವ ಹೆಚ್ಚು. ಬಿಪಿ 130/80ರೊಳಗೆ ಇರಲಿ. ಡಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆ ಅಪ್ಪನಿಗೆ ಹೊಂದುತ್ತದೆಯೇ ಎಂದೂ ಕೇಳಿ. ಅದು ಶುಗರ್ ಇಳಿಸುವುದಕ್ಕಷ್ಟೇ ಅಲ್ಲ, ಕಿಡ್ನಿ ಕಾಯುವುದಕ್ಕೂ ಕೊಡುವ ಔಷಧ. ಡಯಾಲಿಸಿಸ್ಸಿನ ಮಾತು ಸದ್ಯಕ್ಕೆ ದೂರ.

ಅಮ್ಮನಿಗೆ ಕಿಡ್ನಿ ತೊಂದರೆ ಎಂದು ಗೊತ್ತಾದ ಮೇಲೆ ಬಂದವರೆಲ್ಲ ಒಂದೊಂದು ಬಿಡಿಸಿದ್ದಾರೆ: ಬೇಳೆ, ಸೊಪ್ಪು, ಟೊಮೆಟೊ, ಹಾಲು, ಎಳನೀರು. ಈಗ ಗಂಜಿ, ಉಪ್ಪಿನಕಾಯಿ ಮಾತ್ರ. ನಾಲ್ಕು ಕೆ.ಜಿ. ಇಳಿದಿದ್ದಾರೆ.
– ಓದುಗರು, ಮಂಡ್ಯ

ಬಿಡಬೇಕಾದದ್ದನ್ನೇ ಉಳಿಸಿಕೊಂಡಿದ್ದೀರಿ! ಉಪ್ಪಿನಕಾಯಿಯನ್ನು ಇವತ್ತೇ ಬಿಡಿಸಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ. ಹಪ್ಪಳ, ಸಂಡಿಗೆ, ಚಟ್ನಿಪುಡಿಯಲ್ಲಿರುವುದೂ ಸೇರಿ. ಮನೆಯವರೆಲ್ಲ ಈ ಲೆಕ್ಕದಲ್ಲಿ ಉಂಡರೆ ನಾಲ್ಕು ಜನರ ಮನೆಯಲ್ಲಿ 1 ಕೆ.ಜಿ. ಪ್ಯಾಕೆಟ್ 50 ದಿನ ಬರಬೇಕು. ನಿಮ್ಮಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತದೆ, ಪ್ಯಾಕೆಟ್ ಮೇಲೆ ತಾರೀಕು ಬರೆದು ನೋಡಿ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ, ಕಿಡ್ನಿ ಸೋತಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯಬಹುದು.

ಸೊಪ್ಪು, ಟೊಮೆಟೊ, ಎಳನೀರನ್ನು ಬಿಡುವುದೋ ಬೇಡವೋ ಎಂದು ಹೇಳಬೇಕಾದದ್ದು ರಕ್ತದ ಪೊಟ್ಯಾಸಿಯಂ, ನೆಂಟರಲ್ಲ. 3.5ರಿಂದ 5ರೊಳಗಿದ್ದರೆ ತರಕಾರಿ ಬಿಡಿಸಲು ಕಾರಣವಿಲ್ಲ. 5.5ರ ಸುತ್ತಮುತ್ತ ಬಂದರೆ ಅಡುಗೆಯ ರೀತಿ ಬದಲಿಸಬೇಕು. ಮಂಡ್ಯದವರಿಗೆ ಇಲ್ಲೊಂದು ಬೇಸರದ ಸಂಗತಿ ಇದೆ. ಕಾಳು, ಸೊಪ್ಪು ಬೇಯಿಸಿದಾಗ ಪೊಟ್ಯಾಸಿಯಂ ನೀರಿಗಿಳಿಯುತ್ತದೆ. ನಾವು ಆ ನೀರನ್ನು ಬಸಿದು ಅದರಲ್ಲೇ ಬಸ್ಸಾರು ಮಾಡುತ್ತೇವೆ! ಪೊಟ್ಯಾಸಿಯಂ ಏರಿದ್ದಾಗ ಅಮ್ಮನಿಗೆ ಪಲ್ಯ ಹಾಕಿ, ಬಸ್ಸಾರು ನೀವು ಉಣ್ಣಿ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಅಗಲ ಪಾತ್ರೆಯಲ್ಲಿ ಧಾರಾಳ ನೀರು ಹಾಕಿ ಬೇಯಿಸಿ, ನೀರು ಚೆಲ್ಲಿ, ಆಮೇಲೆ ಒಗ್ಗರಣೆ ಕೊಡಿ. ಕುಕ್ಕರಿನಲ್ಲಿ ಹುಳಿ ಮಾಡಿದರೆ ಎಲ್ಲವೂ ಒಳಗೇ ಉಳಿಯುತ್ತದೆ. 250 ಮಿ.ಲೀ. ಎಳನೀರಿನಲ್ಲಿ 400ರಿಂದ 600 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ, ಅಂಕಿ ಏರಿದ್ದಾಗ ‘ತಂಪು’ ಎಂದು ಕುಡಿಸಬೇಡಿ. 6 ದಾಟಿದರೆ ಅಡುಗೆಮನೆಯ ಉಪಾಯ ಸಾಲದು, ಹೃದಯದ ಬಡಿತ ತಪ್ಪಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಬೇಳೆ, ಹಾಲು ಪೂರ್ತಿ ಬಿಡಿಸಿದ್ದು ತಪ್ಪು. ಡಯಾಲಿಸಿಸ್ ಇಲ್ಲದವರಿಗೆ ಕೆ.ಜಿ. ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಬೇಕು. ಅಮ್ಮ 60 ಕೆ.ಜಿ. ಇದ್ದರೆ 48 ಗ್ರಾಂ. ಹಿಡಿಯಷ್ಟು, ಅಂದರೆ 30 ಗ್ರಾಂ ತೊಗರಿಬೇಳೆಯಲ್ಲಿ 6–7 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6–7. ಉಳಿದ ಬಹುಪಾಲು ಅನ್ನ, ಮುದ್ದೆಯಿಂದಲೇ ಬರುತ್ತದೆ. ಡಯಾಲಿಸಿಸ್ ಶುರುವಾದರೆ ಪ್ರೋಟೀನ್ ಇನ್ನೂ ಹೆಚ್ಚು ಬೇಕಾಗುತ್ತದೆ.

ಮಂಡಿನೋವಿಗೆ ಮೆಡಿಕಲ್ ಶಾಪಿನ ಮಾತ್ರೆ, ಕೊಬ್ಬು ಇಳಿಯಲೆಂದು ಬಿಂಬುಳಿ ರಸ. ಇಜಿಎಫ್‌ಆರ್ 50. ಪರವಾಗಿಲ್ಲವೇ?
– ಓದುಗರು, ಕುಂದಾಪುರ

ಎರಡೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ನೋವಿಗೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಬಿಂಬುಳಿಯಲ್ಲಿ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ಎಂಬ ಅಂಶ ವಿಪರೀತ. ಅದರ ಗಟ್ಟಿ ರಸ ಕುಡಿದು ಕಿಡ್ನಿ ದಿಢೀರ್ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಮೀನು ಸಾರಿಗೆ ಯಾವಾಗಲೋ ಎರಡು ಕಾಯಿ ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ.

ಯಜಮಾನರ ಇಜಿಎಫ್‌ಆರ್ 14. ಓಡಾಡಿಕೊಂಡೇ ಇದ್ದಾರೆ. ಈಗಲೇ ಕೈಗೆ ಫಿಸ್ಟುಲಾ ಮಾಡಿಸಿ ಎನ್ನುತ್ತಾರೆ. ಅವಸರ ಏನಿದೆ?
– ಓದುಗರು, ಹುಬ್ಬಳ್ಳಿ

ಅವಸರ ಡಯಾಲಿಸಿಸ್ಸಿಗಲ್ಲ, ನರಕ್ಕೆ, ಅಂದರೆ ಕೈಯ ರಕ್ತನಾಳಕ್ಕೆ. ಡಯಾಲಿಸಿಸ್ಸಿನ ಸೂಜಿ ಚುಚ್ಚಲು ಆ ನರವನ್ನು ಅಪಧಮನಿಗೆ ಜೋಡಿಸುವುದೇ ಫಿಸ್ಟುಲಾ. ಹಾಗೆ ಜೋಡಿಸಿದ ನರ ದಪ್ಪವಾಗಿ ಸೂಜಿ ತಡೆಯುವಂತಾಗಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಮೂರು ತಿಂಗಳು. ಫಿಸ್ಟುಲಾ ಸಿದ್ಧವಾಗುವ ಮೊದಲೇ ಉಸಿರುಕಟ್ಟಿ ಆಸ್ಪತ್ರೆ ಸೇರಿದರೆ ಕುತ್ತಿಗೆಗೆ ಕೊಳವೆ ಹಾಕಬೇಕಾಗುತ್ತದೆ, ಅದರಿಂದ ಸೋಂಕಿನ ಭಯ ಹೆಚ್ಚು. ಡಯಾಲಿಸಿಸ್ ಯಾವಾಗ ಎಂಬುದನ್ನು ವಾಂತಿ, ಊತ, ಉಸಿರಾಟ, ಪೊಟ್ಯಾಸಿಯಂ ಎಲ್ಲ ನೋಡಿ ನಿರ್ಧರಿಸುತ್ತಾರೆ, ಅಂಕಿಯೊಂದರಿಂದಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನು ಈಗಲೇ ಶುರುಮಾಡಿ. ಕಸಿಗೆ ಕಿಡ್ನಿ ಕೊಡುವ ಬಂಧುಗಳಿಲ್ಲದಿದ್ದರೆ, ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಗೆ ಯಾವಾಗ ಹೆಸರು ಹಚ್ಚಬಹುದೆಂದು ಆಸ್ಪತ್ರೆಯಲ್ಲಿ ಕೇಳಿ.

ಬಲಗೈಯಲ್ಲಿ ಬರೆಯುವವರಾದರೆ ಎಡಗೈಯನ್ನು ಇವತ್ತಿನಿಂದಲೇ ಕಾಪಾಡಿ. ಆ ಕೈಯಿಂದ ರಕ್ತ ತೆಗೆಯಲು, ಡ್ರಿಪ್ ಹಾಕಲು ಬಿಡಬೇಡಿ. ಬೇರೆ ಕೈಯಲ್ಲೂ ಅಂಗೈ ಹಿಂಬದಿಯಿಂದ ತೆಗೆಯಲು ಹೇಳಿ. ಫಿಸ್ಟುಲಾ ಆದಮೇಲೆ ಆ ಕೈಗೆ ಬಿಪಿ ಪಟ್ಟಿ, ಗಡಿಯಾರ ಬೇಡ, ಅದರ ಮೇಲೆ ಮಲಗುವುದೂ ಬೇಡ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಬೆರಳಿಟ್ಟು ನೋಡಬೇಕು. ಒಳಗೆ ಜೇನು ಗುಂಯ್‌ಗುಟ್ಟಿದ ಹಾಗೆ ಅದುರುತ್ತಿರುತ್ತದೆ. ಆ ಅದುರು ನಿಂತಿದ್ದರೆ ತಿಂಡಿಗೂ ಕಾಯದೆ ಹೊರಡಿ. ರಕ್ತ ಹೆಪ್ಪುಗಟ್ಟಿ ಮುಚ್ಚಿದ ಫಿಸ್ಟುಲಾವನ್ನು ಬೇಗ ಹೋದರೆ ತೆರೆಯುವ ಅವಕಾಶ ಇರುತ್ತದೆ.