ಕುತ್ತಿಗೆಯಲ್ಲಿರಬೇಕಾದ ಥೈರಾಯ್ಡ್ ಎದೆಯೊಳಗಿದ್ದರೆ

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಆರು ತಿಂಗಳಿನಿಂದ ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುವುದರಿಂದ ಎರಡು ದಿಂಬು ಇಟ್ಟುಕೊಂಡೇ ಮಲಗುತ್ತಾರೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಎದೆಮೂಳೆಯ ಹಿಂದೆ 6 ಸೆಂ.ಮೀ. ಗಡ್ಡೆ ಕಂಡಿದ್ದು, ಅದು ಥೈರಾಯ್ಡ್ ಅಂಗಾಂಶವಿರಬಹುದು ಎಂದಿದ್ದಾರೆ. ಕುತ್ತಿಗೆಯಲ್ಲಿ ಊತವೇನೂ ಇಲ್ಲ. ಒಬ್ಬ ವೈದ್ಯರು ಕುತ್ತಿಗೆಯ ಮೂಲಕವೇ ತೆಗೆಯಬಹುದೆಂದರೆ, ಇನ್ನೊಬ್ಬರು ಎದೆ ತೆರೆಯಬೇಕು ಎನ್ನುತ್ತಾರೆ. ಯಾರ ಮಾತು ಸರಿ? ಮಾತ್ರೆಯಿಂದ ಕರಗಿಸಲು ಆಗದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆ ಗಡ್ಡೆಗೆ ರಕ್ತ ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗುವವರೆಗೆ ಇಬ್ಬರ ಮಾತನ್ನೂ ಸರಿ ಅಥವಾ ತಪ್ಪು ಎನ್ನಲಾಗದು.

ಗರ್ಭದಲ್ಲಿ ಥೈರಾಯ್ಡ್ ಮೊಳೆಯುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಕೆಳಗಿಳಿದು, ಸುಮಾರು ಏಳನೇ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ನೆಲೆಗೊಳ್ಳುತ್ತದೆ. ದಾರಿ ತಪ್ಪಿದ ಅಂಗಾಂಶ ಹೆಚ್ಚಾಗಿ ನಾಲಿಗೆಯ ಬುಡದಲ್ಲೇ ಉಳಿದಿರುತ್ತದೆ. ನೆಲೆ ದಾಟಿ ಎದೆಗೆ ಇಳಿದಿರುವುದು ಬಲು ಅಪರೂಪ. ಕುತ್ತಿಗೆಯ ಗಳಗಂಡವೇ ಬೆಳೆದು ಎದೆಮೂಳೆಯ ಹಿಂದಕ್ಕೆ ಜಾರುವುದು ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯ. ಹಾಗೆ ಜಾರಿದ ಗಡ್ಡೆ ತನ್ನ ರಕ್ತನಾಳಗಳನ್ನು ಕುತ್ತಿಗೆಯಿಂದಲೇ ಎಳೆದುಕೊಂಡು ಹೋಗಿರುತ್ತದೆಯಾದ್ದರಿಂದ, ಅವನ್ನು ಮೇಲೆಯೇ ಕಟ್ಟಿ, ಹಗ್ಗ ಹಿಡಿದು ಬಾವಿಯಿಂದ ಕೊಡ ಎತ್ತಿದಂತೆ, ಬಹುಪಾಲು ರೋಗಿಗಳಲ್ಲಿ ಕುತ್ತಿಗೆಯ ಗಾಯದಿಂದಲೇ ಹೊರತೆಗೆಯಬಹುದು. ಹುಟ್ಟಿನಿಂದಲೇ ಎದೆಯಲ್ಲಿ ನೆಲೆಸಿದ ಅಂಗಾಂಶಕ್ಕೆ ಈ ಹಗ್ಗವೇ ಇರುವುದಿಲ್ಲ; ಅದಕ್ಕೆ ರಕ್ತ ಬರುವುದು ಎದೆಯೊಳಗಿನ ನಾಳಗಳಿಂದ. ಅದನ್ನು ಮೇಲಿನಿಂದ ಎಳೆದರೆ ಕೈಗೆಟುಕದ ಕಡೆ ರಕ್ತನಾಳ ಹರಿಯುವ ಅಪಾಯವಿರುವುದರಿಂದ, ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಇಲ್ಲವೇ ಗಾತ್ರ ಮತ್ತು ಜಾಗ ಅನುಕೂಲವಾಗಿದ್ದರೆ ಪಕ್ಕೆಲುಬುಗಳ ನಡುವೆ ಕ್ಯಾಮೆರಾ ಇರುವ ನಳಿಕೆ ತೂರಿಸಿ ತೆಗೆಯುತ್ತಾರೆ.

ಕುತ್ತಿಗೆಯ ಗ್ರಂಥಿಗೂ ಗಡ್ಡೆಗೂ ಕೊಂಡಿ ಇದೆಯೇ ಎಂಬುದು ಕಾಂಟ್ರಾಸ್ಟ್ (ರಕ್ತನಾಳಗಳು ಎದ್ದು ಕಾಣಲು ಚುಚ್ಚುವ ದ್ರವ) ಕೊಟ್ಟು ಮಾಡಿದ ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಗಡ್ಡೆ ಥೈರಾಯ್ಡೇ ಹೌದೇ, ಕುತ್ತಿಗೆಯಲ್ಲಿ ಬೇರೆ ಗ್ರಂಥಿ ಇದೆಯೇ ಎಂದು ತಿಳಿಯಲು ನ್ಯೂಕ್ಲಿಯರ್ ಸ್ಕ್ಯಾನ್ (ಥೈರಾಯ್ಡ್ ಹೀರಿಕೊಳ್ಳುವ ವಿಕಿರಣ ಔಷಧಿ ಕೊಟ್ಟು ತೆಗೆಯುವ ಚಿತ್ರ) ನೆರವಾಗುತ್ತದೆ. ಈ ಸ್ಕ್ಯಾನನ್ನು ಕಾಂಟ್ರಾಸ್ಟ್ ಸಿ.ಟಿ.ಗಿಂತ ಮೊದಲೇ ಮಾಡಿಸುವುದು ಒಳ್ಳೆಯದು. ಕಾಂಟ್ರಾಸ್ಟ್‌ನಲ್ಲಿರುವ ಅಯೋಡಿನ್‌ನಿಂದ ಗ್ರಂಥಿ ಕೆಲವು ವಾರ ಸ್ಕ್ಯಾನಿನ ಔಷಧಿಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಈ ಅನುಕ್ರಮ ತಪ್ಪುವುದನ್ನು ನಾನು ಆಗಾಗ ನೋಡುತ್ತೇನೆ. ಎದೆಯಲ್ಲಿರುವುದೇ ದೇಹದ ಏಕೈಕ ಥೈರಾಯ್ಡ್ ಆಗಿದ್ದರೆ, ತೆಗೆದ ಮೇಲೆ ಜೀವನಪರ್ಯಂತ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗಬೇಕಾಗುತ್ತದೆ.

ಇಷ್ಟು ದೊಡ್ಡ ಗಡ್ಡೆ ಮಾತ್ರೆಗೆ ಕರಗುವುದಿಲ್ಲ. ವಿಕಿರಣ ಅಯೋಡಿನ್‌ನಿಂದ ನಿಧಾನವಾಗಿ ಕುಗ್ಗಬಹುದಾದರೂ, ಮೊದಮೊದಲು ಊದಿಕೊಂಡು ಶ್ವಾಸನಾಳವನ್ನು ಇನ್ನಷ್ಟು ಒತ್ತಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಮಾತ್ರ ಅದನ್ನು ಯೋಚಿಸುತ್ತೇವೆ. ಒತ್ತಡದ ಪ್ರಮಾಣ ತಿಳಿಯಲು ವೈದ್ಯರು ನಿಮ್ಮ ತಾಯಿಗೆ ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ ಒಂದು ನಿಮಿಷ ಹಿಡಿಯಲು ಹೇಳಬಹುದು. ಮುಖ ಕೆಂಪೇರಿ, ಕುತ್ತಿಗೆಯ ರಕ್ತನಾಳಗಳು ಉಬ್ಬಿದರೆ ಎದೆಯ ಬಾಯಿಯಲ್ಲಿ ಜಾಗ ಇಕ್ಕಟ್ಟಾಗಿದೆ ಎಂದರ್ಥ. ಅಂಥವರು ತಿಂಗಳುಗಟ್ಟಲೆ ಕಾಯಬಾರದು.

ಧ್ವನಿಯ ನರಕ್ಕೆ ಪೆಟ್ಟಾಗಿ ದನಿ ಒಡೆಯುವುದು ಮತ್ತು ರಕ್ತಸ್ರಾವ ಶಸ್ತ್ರಚಿಕಿತ್ಸೆಯ ಮುಖ್ಯ ಅಪಾಯಗಳು. ಎದೆಮೂಳೆ ಸೀಳಿದ್ದರೆ ಅದು ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ, ಬಕೆಟ್ ಎತ್ತುವಂತಿಲ್ಲ. ಕುತ್ತಿಗೆಯಿಂದಲೇ ಆರಂಭಿಸುವುದೆಂದು ತೀರ್ಮಾನವಾದರೂ, ಅಗತ್ಯ ಬಿದ್ದರೆ ಅದೇ ಹೊತ್ತಿನಲ್ಲಿ ಎದೆ ತೆರೆಯಬಲ್ಲ ಶಸ್ತ್ರವೈದ್ಯರು ಸಿದ್ಧರಿರುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.